ಈ ಕಂಪೆನಿ ಯಾರದು, ಲೆಕ್ಕ ಕೇಳುವವರು ಯಾರು? ಕಾಸರಗೋಡಿನವರಿಗೊಂದು ಕೈಪಿಡಿ

ಕಾಸರಗೋಡು ಬಸ್ ಸ್ಟ್ಯಾಂಡಿನಿಂದ ಮಂಗಳೂರಿಗೆ ಎರಡು ಬಗೆಯ ಸರಕಾರಿ ಬಸ್ಸು ಹೊರಡುತ್ತವೆ. ಊರವರ ಬಾಯಲ್ಲಿ ಎರಡೂ ಕೆಎಸ್‌ಆರ್‌ಟಿಸಿಯೇ. ಒಂದರ ಒಡೆತನ ತಿರುವನಂತಪುರದ್ದು, ಇನ್ನೊಂದರದ್ದು ಬೆಂಗಳೂರಿನದ್ದು. ಟ್ರಿಪ್ ರದ್ದಾಯಿತೆಂದು ಬರೆದ ದೂರು ತಪ್ಪು ರಾಜಧಾನಿಗೆ ಹೋದರೆ ಉತ್ತರವೇ ಬರುವುದಿಲ್ಲ. ಬಸ್ಸಿನದ್ದಾದರೆ ಬಣ್ಣ ನೋಡಿ ಹೇಳಬಹುದು. ಪಡ್ರೆ ಕಡೆಯ ಗೇರುತೋಟ, ಬೆದ್ರಡ್ಕದ ಇಲೆಕ್ಟ್ರಿಕಲ್ ಕಾರ್ಖಾನೆ, ಸೀತಾಂಗೋಳಿಯ ಎಚ್‌ಎಎಲ್ ಘಟಕ, ಸಪ್ಲೈಕೋ ಅಂಗಡಿ, ಕೆಎಸ್‌ಎಫ್‌ಇ ಚಿಟ್ಟಿ, ಕರೆಂಟು ಕಂಪೆನಿ ಇವುಗಳ ಯಜಮಾನ ಯಾರು, ಯಾರು ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬುದು ಬೋರ್ಡು ನೋಡಿದರೆ ತಿಳಿಯುವುದಿಲ್ಲ.

ಗೇಟಿನ ಮುಂದೆ ಧರಣಿ ಕೂತರೆ ಮಾತಿಗೆ ಬರುವುದು ಯೂನಿಟ್ ಮೆನೇಜರ್. ಘಟಕ ಮುಚ್ಚುವುದು, ಬಂಡವಾಳ ಹಾಕುವುದು, ಪಾಲು ಮಾರುವುದು ಯಾವುದೂ ಅವರ ಕೈಯಲ್ಲಿಲ್ಲ. ಅದೆಲ್ಲ ಷೇರುದಾರನ ಕೆಲಸ. ಸರಕಾರಿ ಕಂಪೆನಿಯ ಷೇರುದಾರ ಎಂದರೆ ಕಾಗದದ ಮೇಲೆ ರಾಜ್ಯಪಾಲರು ಅಥವಾ ರಾಷ್ಟ್ರಪತಿ, ವ್ಯವಹಾರದಲ್ಲಿ ಒಂದು ಇಲಾಖೆಯ ಕಾರ್ಯದರ್ಶಿ. ಆ ಇಲಾಖೆ ಯಾವುದು, ಅದು ಯಾವ ತಾರೀಕಿನೊಳಗೆ ಯಾವ ಕಾಗದ ಸಂಸತ್ತಿನ ಇಲ್ಲವೇ ವಿಧಾನಸಭೆಯ ಮುಂದೆ ಇಡಬೇಕು ಎಂದು ಹಿಡಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಜಾತಕ ನೋಡಿ

‘ನಿಗಮ’ ಎಂದು ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಬಗೆಯವಲ್ಲ. ಕೇರಳದ ಸಾರಿಗೆ ನಿಗಮ 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಡಿ 1965ರಲ್ಲಿ ಹುಟ್ಟಿದ್ದು. ಅದು ಕಂಪೆನಿಯಲ್ಲ, ಕಾಯ್ದೆಯಿಂದ ಆದ ಸಂಸ್ಥೆ. ಅದರ ಆಡಿಟನ್ನು ಸಿಎಜಿ, ಅಂದರೆ ಸರಕಾರಗಳ ಲೆಕ್ಕ ತಪಾಸಣೆ ಮಾಡುವ ಸಂವಿಧಾನಬದ್ಧ ಸಂಸ್ಥೆ, ನೇರವಾಗಿ ಮಾಡುತ್ತದೆ. ವಾಟರ್ ಅಥಾರಿಟಿಯೂ ಹಾಗೆ, ಕಾಯ್ದೆಯ ಕೂಸು. ವಿದ್ಯುತ್ ಮಂಡಳಿ ಮೊದಲು ಆ ಸಾಲಿನಲ್ಲಿತ್ತು, ಈಗ ಲಿಮಿಟೆಡ್ ಕಂಪೆನಿ. ಗೇರುತೋಟ ನಡೆಸುವ ಪ್ಲಾಂಟೇಶನ್ ಕಾರ್ಪೊರೇಶನ್ ಹೆಸರಿಗೆ ಕಾರ್ಪೊರೇಶನ್ ಆದರೂ 1962ರಲ್ಲಿ ಸ್ಥಾಪನೆಯಾದ ಕಂಪೆನಿಯೇ. ಮುಖ್ಯ ಕಚೇರಿ ಕೋಟ್ಟಯಂನಲ್ಲಿ, ಒಡೆತನ ಪೂರ್ತಿ ಕೇರಳ ಸರಕಾರದ್ದು, ಬರುವುದು ಕೃಷಿ ಇಲಾಖೆಯ ಕೆಳಗೆ.

ಕ್ಯಾಂಪ್ಕೋವನ್ನು ಈ ಪಟ್ಟಿಗೆ ಸೇರಿಸುವವರಿದ್ದಾರೆ, ಅದು ತಪ್ಪು. 1973ರಲ್ಲಿ ಕರ್ನಾಟಕ-ಕೇರಳದ ಅಡಕೆ ಬೆಳೆಗಾರರಿಗಾಗಿ ಆದ ಅದು ಬಹುರಾಜ್ಯ ಸಹಕಾರಿ ಸಂಘ. ಅಲ್ಲಿ ಯಜಮಾನರು ಸದಸ್ಯರು, ಕಾನೂನು ಬೇರೆ, ರಿಜಿಸ್ಟ್ರಾರ್ ಬೇರೆ. ಊರಿನ ಸರ್ವಿಸ್ ಸಹಕಾರಿ ಬ್ಯಾಂಕಿಗೂ ಇದೇ ಮಾತು. ತಲಪ್ಪಲಂ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದ್ದು ಇಷ್ಟು: ಸರಕಾರದ ಆಳವಾದ ಹಿಡಿತ ಅಥವಾ ಗಣನೀಯ ಹಣ ಇಲ್ಲದ ಸಹಕಾರಿ ಸಂಘ ಮಾಹಿತಿ ಹಕ್ಕಿನ ಕೆಳಗೆ ನೇರವಾಗಿ ಬರುವುದಿಲ್ಲ. ಹಾಗೆಂದು ದಾರಿ ಮುಚ್ಚಿಲ್ಲ. ಸಹಕಾರಿ ರಿಜಿಸ್ಟ್ರಾರ್ ಕಾನೂನಿನ ಪ್ರಕಾರ ತರಿಸಿಕೊಳ್ಳಬಹುದಾದ ಮಾಹಿತಿಯನ್ನು ರಿಜಿಸ್ಟ್ರಾರ್ ಕಚೇರಿಯಿಂದಲೇ ಕೇಳಬಹುದು.

ಶೇಕಡಾ 51ರ ಲೆಕ್ಕ

2013ರ ಕಂಪೆನಿ ಕಾಯ್ದೆಯ ಸೆಕ್ಷನ್ 2(45)ರ ಪ್ರಕಾರ, ಸಂದಾಯವಾದ ಷೇರು ಬಂಡವಾಳದಲ್ಲಿ ಶೇ. 51ಕ್ಕೆ ಕಡಿಮೆಯಿಲ್ಲದ ಪಾಲು ಕೇಂದ್ರದ್ದೋ, ಒಂದು ಅಥವಾ ಹಲವು ರಾಜ್ಯಗಳದ್ದೋ, ಇಲ್ಲವೇ ಎರಡೂ ಸೇರಿದ್ದೋ ಆಗಿದ್ದರೆ ಅದು ಸರಕಾರಿ ಕಂಪೆನಿ. ಅಂಥ ಕಂಪೆನಿಯ ಅಧೀನ ಕಂಪೆನಿಯೂ ಸರಕಾರಿ ಕಂಪೆನಿಯೇ. ಇಲ್ಲಿ ಗುಣಾಕಾರ ಮಾಡಲು ಹೋಗಬೇಡಿ. ವಿದ್ಯುತ್ ಯಂತ್ರ ಮಾಡುವ ಕೇಂದ್ರದ ಕಂಪೆನಿ ಭೆಲ್‌ನಲ್ಲಿ ಕೇಂದ್ರದ ಪಾಲು ಶೇ. 63 ಎಂದಿಟ್ಟುಕೊಳ್ಳಿ. ಭೆಲ್ ಇನ್ನೊಂದು ಕಂಪೆನಿಯಲ್ಲಿ ಶೇ. 51 ಹಿಡಿದರೆ ಕೇಂದ್ರದ ನಿಜವಾದ ಪಾಲು ಶೇ. 32ಕ್ಕೆ ಇಳಿಯಿತಲ್ಲ, ಹಾಗಾದರೆ ಅದು ಸರಕಾರಿ ಅಲ್ಲ ಎಂದು ವಾದಿಸಿದರೆ ಕಾನೂನು ಒಪ್ಪುವುದಿಲ್ಲ. ಪ್ರತಿ ಮೆಟ್ಟಿಲಲ್ಲೂ ಹಿಡಿತ ಯಾರದೆಂದು ನೋಡುತ್ತಾರೆಯೇ ಹೊರತು ಕೊನೆಯ ಗುಣಲಬ್ಧವನ್ನಲ್ಲ.

ಪಾಲು 51ಕ್ಕೆ ಮುಟ್ಟದಿದ್ದರೂ ಆಡಿಟ್ ಮಟ್ಟಿಗೆ ಇನ್ನೊಂದು ಬಾಗಿಲಿದೆ. ಸೆಕ್ಷನ್ 139(5) ಸರಕಾರಿ ಕಂಪೆನಿಗಳ ಜೊತೆಗೆ, ಸರಕಾರಗಳ ನೇರ ಅಥವಾ ಪರೋಕ್ಷ ಒಡೆತನ, ಹಿಡಿತದಲ್ಲಿರುವ ಬೇರೆ ಕಂಪೆನಿಗಳಿಗೂ ಸಿಎಜಿಯೇ ಆಡಿಟರ್ ನೇಮಿಸಬೇಕೆನ್ನುತ್ತದೆ. ಕಣ್ಣೂರು ವಿಮಾನ ನಿಲ್ದಾಣ ಕಂಪೆನಿಯ ಆಡಿಟ್ ಸಿಎಜಿ ವ್ಯಾಪ್ತಿಗೆ ಬರುತ್ತದೋ ಇಲ್ಲವೋ ಎಂಬ ತಕರಾರು ಎದ್ದದ್ದು ಇದೇ ಗೆರೆಯ ಮೇಲೆ. ರಾಜ್ಯದ ನೇರ ಪಾಲು ಕಡಿಮೆ, ಆದರೆ ಬಿಪಿಸಿಎಲ್‌ನಂಥ ಸರಕಾರಿ ಕಂಪೆನಿಗಳ ಪಾಲನ್ನೂ ಕೂಡಿಸಬೇಕೇ ಎಂಬುದೇ ಪ್ರಶ್ನೆ.

ಪಾಲು ಕಂಡುಹಿಡಿಯುವುದಕ್ಕೆ ಮೊದಲು ಕಂಪೆನಿಯ 21 ಅಕ್ಷರದ ಗುರುತು ಸಂಖ್ಯೆ, ಅಂದರೆ ಸಿಐಎನ್, ಬೇಕು. ಲೆಟರ್‌ಹೆಡ್ಡಿನಲ್ಲಿ ಅದು ಇರಲೇಬೇಕು. ಅದನ್ನು ಹೀಗೆ ಒಡೆದು ಓದಿ: ಮೊದಲ ಅಕ್ಷರ ಎಲ್ ಆದರೆ ಷೇರು ಪೇಟೆಯಲ್ಲಿದೆ, ಯು ಆದರೆ ಇಲ್ಲ. ಮುಂದಿನ 5 ಅಂಕಿ ಉದ್ಯಮದ ಬಗೆ, ಅನಂತರದ 2 ಅಕ್ಷರ ರಾಜ್ಯ (ಕೇರಳಕ್ಕೆ ಕೆಎಲ್), 4 ಅಂಕಿ ನೋಂದಣಿ ವರ್ಷ. ಆಮೇಲಿನ 3 ಅಕ್ಷರಗಳೇ ನಮಗೆ ಮುಖ್ಯ. ಎಸ್‌ಜಿಸಿ ಎಂದರೆ ರಾಜ್ಯ ಸರಕಾರಿ ಕಂಪೆನಿ, ಜಿಒಐ ಎಂದರೆ ಕೇಂದ್ರದ್ದು, ಪಿಎಲ್‌ಸಿ ಎಂದರೆ ಸಾಮಾನ್ಯ ಪಬ್ಲಿಕ್ ಕಂಪೆನಿ. ಕೊನೆಯ 6 ನೋಂದಣಿ ಅಂಕಿ. ಈ ಮೂರು ಅಕ್ಷರವನ್ನೇ ಕಣ್ಣುಮುಚ್ಚಿ ನಂಬಬೇಡಿ. ಪಾಲು ಕೈ ಬದಲಾದ ಮೇಲೂ ಸಂಖ್ಯೆ ಹಳೆಯದೇ ಉಳಿದಿರಬಹುದು.

ಖಚಿತ ಅಂಕಿ ಬೇಕಾದರೆ ವಾರ್ಷಿಕ ವರದಿಯಲ್ಲಿ ಬ್ಯಾಲೆನ್ಸ್ ಶೀಟಿನ ಟಿಪ್ಪಣಿಗಳಲ್ಲಿ ‘ಷೇರು ಬಂಡವಾಳ’ದ ಟಿಪ್ಪಣಿ ತೆಗೆಯಿರಿ. ಶೇ. 5ಕ್ಕಿಂತ ಹೆಚ್ಚು ಪಾಲಿರುವವರ ಹೆಸರು ಅಲ್ಲಿ ಬರೆಯಲೇಬೇಕು. ವರದಿ ಸಿಗದಿದ್ದರೆ ಕಂಪೆನಿ ವ್ಯವಹಾರ ಸಚಿವಾಲಯದ ಎಂಸಿಎ ಪೋರ್ಟಲಿಗೆ ಹೋಗಿ. ಮೂಲ ವಿವರ ನೋಡುವುದಕ್ಕೆ ದುಡ್ಡಿಲ್ಲ. ಸಲ್ಲಿಸಿದ ದಾಖಲೆ ತೆರೆದು ನೋಡಲು ಒಂದು ಕಂಪೆನಿಗೆ 100 ರೂಪಾಯಿ. ನೋಡುವ ಸಮಯಕ್ಕೆ ಮಿತಿ ಇರುವುದರಿಂದ ಮೊದಲೇ ಏನು ಬೇಕೆಂದು ಬರೆದಿಟ್ಟುಕೊಳ್ಳಿ: ಎಂಜಿಟಿ-7 (ಷೇರುದಾರರು, ನಿರ್ದೇಶಕರು), ಎಒಸಿ-4 (ಲೆಕ್ಕಪತ್ರ), ಆರ್ಟಿಕಲ್ಸ್ ಆಫ್ ಅಸೋಸಿಯೇಶನ್ (ಕಂಪೆನಿಯ ಒಳನಿಯಮ). ಷೇರುದಾರರ ಪಟ್ಟಿಯಲ್ಲಿ ‘ಕೇರಳದ ರಾಜ್ಯಪಾಲರು’ ಎಂದು ಒಂದು ಸಾಲು, ಕೆಳಗೆ ಆರೇಳು ಅಧಿಕಾರಿಗಳ ಹೆಸರಿನಲ್ಲಿ ಒಂದೋ ಎರಡೋ ಷೇರು ಕಂಡರೆ ಬೆಚ್ಚಬೇಡಿ. ಪಬ್ಲಿಕ್ ಕಂಪೆನಿಗೆ ಕನಿಷ್ಠ 7 ಸದಸ್ಯರು ಬೇಕು. ಆ ಲೆಕ್ಕ ತುಂಬಿಸಲು ಅವರು ಸರಕಾರದ ಪರವಾಗಿ ಹೆಸರಿಗೆ ಇರುವವರು.

ಎಚ್‌ಎಎಲ್‌ನಂಥ ಲಿಸ್ಟೆಡ್ ಕಂಪೆನಿಯದ್ದು ಎಲ್ಲಕ್ಕಿಂತ ಸುಲಭ. ಪ್ರತಿ ತ್ರೈಮಾಸಿಕ ಮುಗಿದ 21 ದಿನದೊಳಗೆ ಪಾಲಿನ ವಿವರ ಷೇರು ವಿನಿಮಯ ಕೇಂದ್ರಕ್ಕೆ ಹೋಗಬೇಕು, ಅದು ಅಲ್ಲಿ ಎಲ್ಲರಿಗೂ ಕಾಣುತ್ತದೆ.

ಬೆದ್ರಡ್ಕದ ಉದಾಹರಣೆ

ಮೊಗ್ರಾಲ್ ಪುತ್ತೂರು ಪಂಚಾಯತಿನ ಬೆದ್ರಡ್ಕದಲ್ಲಿ ಕೇರಳ ಸರಕಾರದ ‘ಕೆಲ್’ ಕಂಪೆನಿಯ ಘಟಕವಿತ್ತು. 2011ರಲ್ಲಿ ಅದು ಭೆಲ್‌ನೊಂದಿಗೆ ಜಂಟಿ ಕಂಪೆನಿಯಾಯಿತು. ಭೆಲ್‌ಗೆ ಶೇ. 51, ಕೇರಳಕ್ಕೆ ಶೇ. 49. ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸ ಎರಡೇ, ಆದರೆ ಅಧಿಕಾರದಲ್ಲಿ ಅಜಗಜಾಂತರ.

ಸಾಮಾನ್ಯ ನಿರ್ಣಯಕ್ಕೆ ಅರ್ಧಕ್ಕಿಂತ ಹೆಚ್ಚು ಮತ ಸಾಕು. ನಿರ್ದೇಶಕರ ನೇಮಕ, ಲೆಕ್ಕಪತ್ರದ ಅಂಗೀಕಾರ ಇದರಲ್ಲೇ ಆಗುತ್ತದೆ. ಅಂದರೆ 51 ಇದ್ದವನ ಮಾತೇ ನಡೆಯುತ್ತದೆ. ಆರ್ಟಿಕಲ್ಸ್ ತಿದ್ದುವಂಥ ವಿಶೇಷ ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಪಾಲು ಮತ ಬೇಕು, ಅದನ್ನು 49 ಇದ್ದವನು ತಡೆಯಬಲ್ಲ. ತಡೆಯಬಲ್ಲನೇ ಹೊರತು ಕಾರ್ಖಾನೆ ನಡೆಸಲಾರ. ಹಾಗಾಗಿ ಆ ವರ್ಷಗಳಲ್ಲಿ ಸಂಬಳ, ಬಂಡವಾಳ, ಆರ್ಡರು ಯಾವುದನ್ನೇ ಕೇಳಬೇಕಾದರೂ ಸರಿಯಾದ ವಿಳಾಸ ಭೆಲ್ ಮತ್ತು ಅದರ ಮೇಲಿನ ಕೇಂದ್ರ ಭಾರೀ ಕೈಗಾರಿಕೆ ಸಚಿವಾಲಯ. ತಿರುವನಂತಪುರಕ್ಕೆ ಕೊಟ್ಟ ಮನವಿಗೆ ಸಿಗಬಹುದಾದದ್ದು ಸಹಾನುಭೂತಿ ಮಾತ್ರ. 2020ರಲ್ಲಿ ಬಾಗಿಲು ಹಾಕಿದ ಘಟಕವನ್ನು 2021ರಲ್ಲಿ ಭೆಲ್ ಪಾಲು ಸಹಿತ ಕೇರಳ ವಹಿಸಿಕೊಂಡಿತು, 2022 ಏಪ್ರಿಲ್ 1ರಂದು ಕೆಲ್-ಇಎಂಎಲ್ ಎಂಬ ಹೆಸರಲ್ಲಿ ಮತ್ತೆ ತೆರೆಯಿತು. ಅಂದಿನಿಂದ ವಿಳಾಸ ಬದಲು: ಕೇರಳದ ಕೈಗಾರಿಕಾ ಇಲಾಖೆ, ಕೇರಳ ನಿಯಮಸಭೆ (ವಿಧಾನಸಭೆ). ಸಂಸತ್ತಿನಲ್ಲಿ ಈಗ ಅದರ ಬಗ್ಗೆ ಪ್ರಶ್ನೆ ಹಾಕಿಸಿದರೆ ‘ರಾಜ್ಯದ ವಿಷಯ’ ಎಂಬ ಒಂದು ಸಾಲಿನ ಉತ್ತರವನ್ನೇ ನಿರೀಕ್ಷಿಸಬೇಕು.

ಹಳೆಯ ಅವಧಿಯ ಬಾಕಿ ಕೇಳುವವರು ಇಲ್ಲಿ ಎಡವುತ್ತಾರೆ. ಕಂಪೆನಿ ಎಂಬ ಕಾನೂನಿನ ವ್ಯಕ್ತಿ ಬದಲಾಗಿಲ್ಲ, ಯಜಮಾನ ಮಾತ್ರ ಬದಲು. ಆದ್ದರಿಂದ ಬಾಕಿಯ ದಾವೆ ಕಂಪೆನಿಯ ಮೇಲೆಯೇ. ಪಾಲು ಹಸ್ತಾಂತರದ ಒಪ್ಪಂದದಲ್ಲಿ ಯಾವ ಹೊರೆ ಯಾರ ತಲೆಗೆ ಎಂದು ಬರೆದಿರುತ್ತದೆ. ಇಂಥ ಒಪ್ಪಂದದ ಪ್ರತಿ ಮತ್ತು ಸರಕಾರಿ ಆದೇಶದ ಪ್ರತಿ, ಎರಡನ್ನೂ ಕೇಳಿ ಪಡೆಯಿರಿ.

ತಾರೀಕುಗಳ ಹಗ್ಗ

ಮಾರ್ಚ್ 31ಕ್ಕೆ ಲೆಕ್ಕದ ವರ್ಷ ಮುಗಿಯುತ್ತದೆ. ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಮಹಾಸಭೆ ಆಗಬೇಕು. ಮಹಾಸಭೆ ಆದ 30 ದಿನದೊಳಗೆ ಎಒಸಿ-4, 60 ದಿನದೊಳಗೆ ಎಂಜಿಟಿ-7. ಮಹಾಸಭೆಯಿಂದ 3 ತಿಂಗಳೊಳಗೆ ಸರಕಾರ ಆ ಕಂಪೆನಿಯ ಕೆಲಸದ ಬಗ್ಗೆ ವಾರ್ಷಿಕ ವರದಿ ಸಿದ್ಧಪಡಿಸಬೇಕು. ಅದು, ಆಡಿಟ್ ವರದಿ, ಸಿಎಜಿ ಟಿಪ್ಪಣಿ ಮೂರೂ ಆದಷ್ಟು ಬೇಗ ಸದನದ ಮೇಜಿನ ಮೇಲೆ ಬರಬೇಕು. ಕೇಂದ್ರ ಪಾಲುದಾರನಾಗಿದ್ದರೆ ಕಂಪೆನಿ ಕಾಯ್ದೆಯ ಸೆಕ್ಷನ್ 394 ಪ್ರಕಾರ ಸಂಸತ್ತಿಗೆ, ರಾಜ್ಯ ಮಾತ್ರ ಆಗಿದ್ದರೆ 395 ಪ್ರಕಾರ ರಾಜ್ಯದ ಸಭೆಗೆ. ಎರಡೂ ಪಾಲುದಾರರಾದರೆ ಎರಡು ಕಡೆಗೂ.

ಸಿಎಜಿಯ ಪಾತ್ರ ಮಧ್ಯದಲ್ಲಿ ಬರುತ್ತದೆ. ಲೆಕ್ಕದ ವರ್ಷ ಶುರುವಾದ 180 ದಿನದೊಳಗೆ ಅದು ಚಾರ್ಟರ್ಡ್ ಅಕೌಂಟೆಂಟ್ ಒಬ್ಬರನ್ನು ಆಡಿಟರ್ ಆಗಿ ನೇಮಿಸುತ್ತದೆ. ಅವರ ವರದಿ ಕೈಸೇರಿದ 60 ದಿನದೊಳಗೆ ಪೂರಕ ಆಡಿಟ್ ಮಾಡಿ ಟಿಪ್ಪಣಿ ಬರೆಯುವ ಹಕ್ಕು ಸಿಎಜಿಗಿದೆ. ಈಗ ಹಿಂದಕ್ಕೆ ಎಣಿಸಿ. ಸೆಪ್ಟೆಂಬರ್ 30ಕ್ಕೆ ಮಹಾಸಭೆ ಆಗಬೇಕೆಂದರೆ ಆಡಿಟ್ ವರದಿ ಜುಲೈ ಕೊನೆಗೆ ಸಿಎಜಿ ಕೈಗೆ ಹೋಗಿರಬೇಕು. ಅಂದರೆ ಬೋರ್ಡು ಲೆಕ್ಕವನ್ನು ಜೂನ್ ಹೊತ್ತಿಗೆ ಒಪ್ಪಿರಬೇಕು. ಹಲವು ರಾಜ್ಯ ಕಂಪೆನಿಗಳಲ್ಲಿ ಆಗದಿರುವುದು ಇದೇ. ಲೆಕ್ಕ ಬರೆಯುವ ಸಿಬ್ಬಂದಿ ಇಲ್ಲ, ಹಿಂದಿನ ವರ್ಷದ್ದೇ ಮುಗಿದಿಲ್ಲ, ಹಿಂದಿನದು ಮುಗಿಯದೆ ಮುಂದಿನದಕ್ಕೆ ಆರಂಭ ಶಿಲ್ಕು ಸಿಗುವುದಿಲ್ಲ. ಒಮ್ಮೆ ಎರಡು ವರ್ಷ ಹಿಂದೆ ಬಿದ್ದರೆ ಮತ್ತೆ ಏಳುವುದು ಕಷ್ಟ.

ಈ ನಡುವೆ ಒಂದು ಚಮತ್ಕಾರ ನಡೆಯುತ್ತದೆ. ಸೆಪ್ಟೆಂಬರಿನಲ್ಲಿ ಮಹಾಸಭೆ ಕರೆದು, ಲೆಕ್ಕವಿಲ್ಲದ ಕಾರಣ ‘ಮುಂದೂಡಲಾಗಿದೆ’ ಎಂದು ನಿರ್ಣಯ ಬರೆದು ಎದ್ದುಹೋಗುತ್ತಾರೆ. ಕಾಗದದಲ್ಲಿ ಸಭೆ ಆಯಿತು, ಲೆಕ್ಕ ಮಾತ್ರ ಬಂದಿಲ್ಲ. ಆದ್ದರಿಂದ ‘ಮಹಾಸಭೆ ಆಯಿತೇ’ ಎಂದು ಕೇಳಬೇಡಿ. ‘ಇಂಥ ವರ್ಷದ ಲೆಕ್ಕಪತ್ರ ಅಂಗೀಕಾರವಾದ ತಾರೀಕು ಯಾವುದು’ ಎಂದು ಕೇಳಿ.

ಲೆಕ್ಕ ಬಾಕಿ ಎಂಬುದು ಗುಮಾಸ್ತರ ತಾಪತ್ರಯವೆಂದು ತಳ್ಳಿಹಾಕುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಉಸ್ತುವಾರಿಯ ಬೇರೆಲ್ಲ ತೂತುಗಳಿಗಿಂತ ಇದು ದೊಡ್ಡದು. ಲೆಕ್ಕ ಬರುವ ತನಕ ಸಿಎಜಿಗೆ ಟಿಪ್ಪಣಿ ಬರೆಯಲು ಏನೂ ಇಲ್ಲ, ಸದನಕ್ಕೆ ಚರ್ಚಿಸಲು ಏನೂ ಇಲ್ಲ. ಆದರೆ ಸರಕಾರದಿಂದ ಸಾಲ, ಬಂಡವಾಳ, ಗ್ಯಾರಂಟಿ (ಕಂಪೆನಿಯ ಸಾಲಕ್ಕೆ ಸರಕಾರದ ಜಾಮೀನು) ಹೋಗುತ್ತಲೇ ಇರುತ್ತದೆ. ರಾಜ್ಯದ ಕಂಪೆನಿಗಳ ಬಗ್ಗೆ ಸಿಎಜಿ ಬರೆಯುವ ವರದಿಯಲ್ಲಿ ಲೆಕ್ಕ ಬಾಕಿ ಇಟ್ಟವರದ್ದೇ ಒಂದು ಪಟ್ಟಿ, ಬಾಕಿ ಇದ್ದ ಅವಧಿಯಲ್ಲಿ ಸರಕಾರ ಕೊಟ್ಟ ಹಣದ್ದು ಇನ್ನೊಂದು ಪಟ್ಟಿ ಇರುತ್ತದೆ. ಮೊದಲು ಆ ಪುಟಗಳನ್ನೇ ತೆರೆಯಿರಿ.

ವಾರ್ಷಿಕ ವರದಿಯಲ್ಲಿ ಓದಬೇಕಾದ ಪುಟಗಳು

ಅಧ್ಯಕ್ಷರ ಭಾಷಣ, ಬಣ್ಣದ ಫೋಟೋ ಬಿಟ್ಟುಬಿಡಿ. ಸ್ವತಂತ್ರ ಆಡಿಟರರ ವರದಿಯ ಮೊದಲ ಪ್ಯಾರಾದಲ್ಲಿ ಅಭಿಪ್ರಾಯ ಯಾವ ಬಗೆಯದು ನೋಡಿ. ಷರತ್ತಿಲ್ಲದ್ದಾದರೆ ಸರಿ. ‘ಕ್ವಾಲಿಫೈಡ್’ ಎಂದಿದ್ದರೆ ಕೆಲವು ಅಂಕಿ ಅವರು ಒಪ್ಪಿಲ್ಲ. ‘ಅಡ್ವರ್ಸ್’ ಎಂದರೆ ಲೆಕ್ಕ ನಿಜ ಸ್ಥಿತಿ ತೋರಿಸುತ್ತಿಲ್ಲ. ‘ಡಿಸ್‌ಕ್ಲೇಮರ್’ ಎಂದರೆ ಅಭಿಪ್ರಾಯ ಹೇಳುವಷ್ಟು ದಾಖಲೆಯನ್ನೇ ಕೊಟ್ಟಿಲ್ಲ.

ಮುಂದೆ ಸಿಎಜಿ ಟಿಪ್ಪಣಿ. ಒಂದೆರಡು ಪುಟವಷ್ಟೆ, ಆದರೆ ಇಡೀ ವರದಿಯಲ್ಲಿ ಬಂಗಾರದಂಥದ್ದು ಅದೇ. ಅದರ ಶೈಲಿ ಒಣ. ‘ವಸೂಲಾಗದ ಬಾಕಿಗೆ 3 ಕೋಟಿ ತೆಗೆದಿಡಬೇಕಿತ್ತು, ಇಟ್ಟಿಲ್ಲ, ಆದ ಕಾರಣ ಲಾಭ 3 ಕೋಟಿಯಷ್ಟು ಹೆಚ್ಚಾಗಿ ತೋರಿದೆ’ ಎಂಬ ಧಾಟಿ. ಕಂಪೆನಿ 2 ಕೋಟಿ ಲಾಭ ಎಂದು ಪತ್ರಿಕೆಗೆ ಹೇಳಿದ್ದರೆ, ಈ ಒಂದು ವಾಕ್ಯದಿಂದ ಅದು 1 ಕೋಟಿ ನಷ್ಟವಾಗಿ ಬಿಡುತ್ತದೆ. ‘ಟಿಪ್ಪಣಿ ಇಲ್ಲ’ ಎಂದಿದ್ದರೂ ಸಂಭ್ರಮಿಸಬೇಡಿ. ಪೂರಕ ಆಡಿಟ್ ಮಾಡಿ ಏನೂ ಸಿಗಲಿಲ್ಲವೋ, ಈ ವರ್ಷ ಪೂರಕ ಆಡಿಟ್ಟನ್ನೇ ಮಾಡದಿರಲು ತೀರ್ಮಾನಿಸಿದರೋ ಎಂಬುದನ್ನು ಆ ಕಾಗದವೇ ಹೇಳುತ್ತದೆ. ಎರಡೂ ಒಂದಲ್ಲ.

ಲಾಭ-ನಷ್ಟದ ಪಟ್ಟಿಯಲ್ಲಿ ‘ಇತರ ಆದಾಯ’ ನೋಡಿ. ಬ್ಯಾಂಕ್ ಠೇವಣಿಯ ಬಡ್ಡಿ, ಜಾಗದ ಬಾಡಿಗೆ, ಸರಕಾರದ ಸಹಾಯಧನ ಅಲ್ಲಿ ಅಡಗಿರುತ್ತದೆ. ಅದನ್ನು ಕಳೆದ ಮೇಲೂ ಲಾಭ ಉಳಿದರೆ ಮಾತ್ರ ವ್ಯವಹಾರದಲ್ಲಿ ಲಾಭ. ಬ್ಯಾಲೆನ್ಸ್ ಶೀಟಿನಲ್ಲಿ ಷೇರು ಬಂಡವಾಳ ಮತ್ತು ಸಂಚಿತ ನಷ್ಟ ಅಕ್ಕಪಕ್ಕ ಇಡಿ. ಬಂಡವಾಳ 20 ಕೋಟಿ, ಸಂಚಿತ ನಷ್ಟ 34 ಕೋಟಿ ಎಂದುಕೊಂಡರೆ ನಿವ್ವಳ ಮೌಲ್ಯ ಮೈನಸ್ 14 ಕೋಟಿ. ಹಾಕಿದ ದುಡ್ಡು ಪೂರ್ತಿ ಕರಗಿ ಸಾಲಗಾರರ ಹಣದಲ್ಲಿ ಕಂಪೆನಿ ಉಸಿರಾಡುತ್ತಿದೆ ಎಂದರ್ಥ.

‘ಸಂಭಾವ್ಯ ಹೊಣೆ’ಗಳ ಟಿಪ್ಪಣಿಯನ್ನು ನಮ್ಮ ಜಿಲ್ಲೆಯವರು ಬಿಡಲೇಬಾರದು. ಕೋರ್ಟಿನಲ್ಲಿರುವ ದಾವೆ, ಗ್ರಾಚ್ಯುಟಿ ತಕರಾರು, ತೆರಿಗೆ ವ್ಯಾಜ್ಯ ಎಲ್ಲ ಅಲ್ಲಿರುತ್ತದೆ, ಬ್ಯಾಲೆನ್ಸ್ ಶೀಟಿನ ಮೊತ್ತದಲ್ಲಿ ಇರುವುದಿಲ್ಲ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಕಂಪೆನಿ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದು ಆದೇಶಿಸಿದ್ದು ರಾಜ್ಯ ಸರಕಾರಕ್ಕೆ. ಲಿಮಿಟೆಡ್ ಕಂಪೆನಿಯ ಸಾಲಕ್ಕೆ ಷೇರುದಾರ ಹೊಣೆಯಲ್ಲ ಎಂಬುದು ಕಂಪೆನಿ ಕಾನೂನಿನ ಮಾಮೂಲು ನಿಯಮ. ಆದರೆ ಷೇರುದಾರ ಸರಕಾರವೇ ಆದಾಗ, ವಿಷಯ ಜನರ ಬದುಕಿನ ಹಕ್ಕಿನದ್ದಾದಾಗ, ಆ ಗೋಡೆಯ ಹಿಂದೆ ನಿಲ್ಲಲಾಗುವುದಿಲ್ಲ. ಪರಿಹಾರದ ಮನವಿ ಬರೆಯುವವರು ಎಸ್ಟೇಟಿನ ಮೆನೇಜರಿಗಲ್ಲ, ಸರಕಾರಕ್ಕೆ ಬರೆಯಬೇಕಾದ್ದು ಇದಕ್ಕೇ.

ಸರಕಾರದ ಪುಸ್ತಕದಲ್ಲೂ ನೋಡಿ

ಕಂಪೆನಿ ಬರೆದ ಲೆಕ್ಕ ಒಂದು ಕಡೆ, ಸರಕಾರ ಬರೆದದ್ದು ಇನ್ನೊಂದು ಕಡೆ. ರಾಜ್ಯದ ಫೈನಾನ್ಸ್ ಅಕೌಂಟ್ಸ್ ಸಿಎಜಿ ಜಾಲತಾಣದಲ್ಲಿ ಸಿಗುತ್ತದೆ. ಅದರ 19ನೇ ಸ್ಟೇಟ್‌ಮೆಂಟಿನಲ್ಲಿ ಯಾವ ಕಂಪೆನಿಯಲ್ಲಿ ಸರಕಾರದ ಹೂಡಿಕೆ ಎಷ್ಟು, ಡಿವಿಡೆಂಡ್ ಎಷ್ಟು ಬಂತು ಎಂದಿರುತ್ತದೆ. 18ರಲ್ಲಿ ಸಾಲ, 20ರಲ್ಲಿ ಗ್ಯಾರಂಟಿ. ಇಲ್ಲಿನ ಅಂಕಿಯೂ ಕಂಪೆನಿಯ ಬ್ಯಾಲೆನ್ಸ್ ಶೀಟಿನ ಅಂಕಿಯೂ ತಾಳೆಯಾಗದಿರುವುದು ಅಪರೂಪವೇನಲ್ಲ. ಸಿಎಜಿಯೇ ಇದನ್ನು ಪದೇಪದೇ ಎತ್ತಿ ತೋರಿಸುತ್ತದೆ. ಸಾಲವೆಂದು ಕೊಟ್ಟದ್ದನ್ನು ಕಂಪೆನಿ ಬಂಡವಾಳವೆಂದು ಬರೆದುಕೊಂಡಿದ್ದರೆ ಬಡ್ಡಿಯ ಪ್ರಶ್ನೆಯೇ ಮಾಯ.

ಗ್ಯಾರಂಟಿಗೆ ಕಮಿಷನ್ ಇದೆ. ಕೇರಳದ 2003ರ ಗ್ಯಾರಂಟಿ ಮಿತಿ ಕಾಯ್ದೆಯಂತೆ ಕನಿಷ್ಠ ಶೇ. 0.75. ಕಂಪೆನಿ ಅದನ್ನು ಕಟ್ಟಿದೆಯೇ, ಬಾಕಿ ಎಷ್ಟು ಎಂಬುದು ಕೇಳಲು ಒಳ್ಳೆಯ ಪ್ರಶ್ನೆ. ಒಟ್ಟು ಚಿತ್ರಕ್ಕೆ ಬ್ಯೂರೋ ಆಫ್ ಪಬ್ಲಿಕ್ ಎಂಟರ್‌ಪ್ರೈಸಸ್ ಹೊರತರುವ ರಾಜ್ಯದ ಸಾರ್ವಜನಿಕ ಉದ್ಯಮಗಳ ಸಮೀಕ್ಷೆ ಇದೆ. ಅದರ ಅಂಕಿಗಳಲ್ಲಿ ಕೆಲವು ಆಡಿಟ್ ಆಗದ ತಾತ್ಕಾಲಿಕ ಅಂಕಿ ಎಂಬುದನ್ನು ಮರೆಯಬೇಡಿ. ಮಂತ್ರಿಗಳು ಹೇಳುವ ಲಾಭವೂ ಸಿಎಜಿ ಹೇಳುವ ನಷ್ಟವೂ ಒಂದೇ ಕಂಪೆನಿಯದ್ದಾಗಿರುವುದು ಕೆಲವೊಮ್ಮೆ ಹೀಗೆ.

ಸದನದ ಮೂಲಕ

ಸಿಎಜಿ ವರದಿ ಸದನಕ್ಕೆ ಬಂದ ಮೇಲೆ ಸಾರ್ವಜನಿಕ ಉದ್ಯಮಗಳ ಸಮಿತಿಗೆ ಹೋಗುತ್ತದೆ. ಸಂಸತ್ತಿನಲ್ಲಿ ಈ ಸಮಿತಿ 1964ರಿಂದ ಇದೆ, ಈಗ 22 ಸದಸ್ಯರು. ಕೇರಳ ನಿಯಮಸಭೆಗೆ ಅದರದ್ದೇ ಸಮಿತಿ. ಅದು ಇಲಾಖೆಯ ಕಾರ್ಯದರ್ಶಿಯನ್ನೂ ಕಂಪೆನಿಯ ಎಂಡಿಯನ್ನೂ ಕರೆಸಿ ಕೇಳುತ್ತದೆ, ಶಿಫಾರಸು ಬರೆಯುತ್ತದೆ, ‘ಕೈಗೊಂಡ ಕ್ರಮ’ದ ವರದಿ ತರಿಸುತ್ತದೆ. ನಿಧಾನ. ಸಿಎಜಿ ವರದಿಯ ಹತ್ತು ವರ್ಷ ಹಿಂದಿನ ಪ್ಯಾರಾ ಈಗ ಚರ್ಚೆಗೆ ಬಂದರೂ ಆಶ್ಚರ್ಯವಿಲ್ಲ. ಬೇಗ ಆಗಬೇಕಾದರೆ ಶಾಸಕರ ಪ್ರಶ್ನೆಯೇ ಮದ್ದು. ಮಂಜೇಶ್ವರ, ಕಾಸರಗೋಡು, ಉದುಮ, ಕಾಞಂಗಾಡು, ತೃಕ್ಕರಿಪುರ, ಐದು ಕ್ಷೇತ್ರಗಳ ಶಾಸಕರಲ್ಲಿ ಯಾರ ಮೂಲಕವಾದರೂ ಕೇಳಿಸಬಹುದು.

ಶಾಸಕರಿಗೆ ಎರಡು ಪುಟದ ಅಳಲು ಕೊಡಬೇಡಿ. ನೇರವಾಗಿ ಪ್ರಶ್ನೆಯ ರೂಪದಲ್ಲೇ ಬರೆದುಕೊಡಿ: ಇಂಥ ಕಂಪೆನಿಯ ಎಷ್ಟು ವರ್ಷದ ಲೆಕ್ಕ ಬಾಕಿ, ಕೊನೆಯ ವರದಿ ಸದನದಲ್ಲಿ ಮಂಡನೆಯಾದ ತಾರೀಕು ಯಾವುದು, ಬಾಕಿ ಅವಧಿಯಲ್ಲಿ ಸರಕಾರ ಕೊಟ್ಟ ಮೊತ್ತ ವರ್ಷವಾರು ಎಷ್ಟು. ಎಚ್‌ಎಎಲ್ ವಿಷಯವಾದರೆ ಸಂಸದರ ಮೂಲಕ ರಕ್ಷಣಾ ಸಚಿವಾಲಯಕ್ಕೆ.

ಮಾಹಿತಿ ಹಕ್ಕಿನ ಅರ್ಜಿ

ಕೇಂದ್ರದ ಕಂಪೆನಿಗೆ ಆರ್‌ಟಿಐ ಪೋರ್ಟಲಿನಲ್ಲಿ ಅಥವಾ 10 ರೂಪಾಯಿಯ ಪೋಸ್ಟಲ್ ಆರ್ಡರಿನೊಂದಿಗೆ. ಅರ್ಜಿ 500 ಪದ ಮೀರದಿರಲಿ. ಕೇರಳದ ಕಚೇರಿಗಳಿಗೆ ರೂಢಿಯಲ್ಲಿರುವುದು 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪು. ಕಚೇರಿಯಲ್ಲಿ ನಗದು ಕಟ್ಟಿ ರಸೀದಿ ಪಡೆಯಬಹುದು, ಡಿಡಿಯೂ ಆಗುತ್ತದೆ. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಲಗತ್ತಿಸಿ.

ಕಂಪೆನಿಗೆ ಒಂದು, ಅದರ ಮೇಲಿನ ಇಲಾಖೆಗೆ ಒಂದು, ಹೀಗೆ ಎರಡು ಅರ್ಜಿ ಒಟ್ಟಿಗೆ ಹಾಕಿ. ಒಂದು ಕಡೆ ‘ಸರಕಾರಕ್ಕೆ ಕಳಿಸಿದ್ದೇವೆ’, ಇನ್ನೊಂದು ಕಡೆ ‘ಕಂಪೆನಿಯಿಂದ ಬಂದಿಲ್ಲ’ ಎಂಬ ಉತ್ತರ ಬಂದರೆ ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಬಹುದು. ಪ್ರಶ್ನೆಗಳು ಈ ಅಳತೆಯಲ್ಲಿರಲಿ:

1. ಕೊನೆಯ ಐದು ಲೆಕ್ಕವರ್ಷಗಳಲ್ಲಿ ಪ್ರತಿಯೊಂದರ ಲೆಕ್ಕಪತ್ರವನ್ನು ಬೋರ್ಡು ಅಂಗೀಕರಿಸಿದ ತಾರೀಕು, ಆಡಿಟ್ ವರದಿ ಸಿಎಜಿಗೆ ಕಳುಹಿಸಿದ ತಾರೀಕು, ಮಹಾಸಭೆ ಅಂಗೀಕರಿಸಿದ ತಾರೀಕು.
2. ವಾರ್ಷಿಕ ವರದಿ ಸದನದಲ್ಲಿ ಮಂಡನೆಗಾಗಿ ಇಲಾಖೆಗೆ ಕಳುಹಿಸಿದ ಪತ್ರದ ಸಂಖ್ಯೆ ಮತ್ತು ತಾರೀಕು.
3. ಈಗಿನ ಷೇರುದಾರರ ಪಟ್ಟಿಯ ಪ್ರತಿ.
4. ಕಂಪೆನಿಗೆ ಸರಕಾರ ಕೊಟ್ಟ ಲಿಖಿತ ನಿರ್ದೇಶನಗಳ ಪ್ರತಿ.

‘ಯಾಕೆ ಮಾಡಲಿಲ್ಲ’ ಎಂದು ಕೇಳಿದರೆ ‘ಇದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ’ ಎಂಬ ಸಿದ್ಧ ಉತ್ತರ ಕಾದಿರುತ್ತದೆ. ತಾರೀಕು, ಪತ್ರಸಂಖ್ಯೆ, ಪ್ರತಿ, ಈ ಮೂರನ್ನು ಮಾತ್ರ ಕೇಳಿ. ಸದನಕ್ಕೆ ಇನ್ನೂ ಹೋಗದ ವರದಿಯ ಒಳಗಿನ ಮಾತು ಕೇಳಿದರೆ ಸೆಕ್ಷನ್ 8(1)(ಸಿ), ಅಂದರೆ ಸದನದ ಹಕ್ಕುಚ್ಯುತಿ ಎಂದು ತಿರಸ್ಕರಿಸಬಹುದು. ಕಳಿಸಿದ ತಾರೀಕಿಗೆ ಆ ತಡೆ ಅನ್ವಯಿಸುವುದಿಲ್ಲ. ಒಪ್ಪಂದ, ಟೆಂಡರ್ ಕೇಳಿದರೆ 8(1)(ಡಿ), ವ್ಯಾಪಾರ ಗುಟ್ಟು ಎನ್ನುತ್ತಾರೆ. ಆಗ ಸೆಕ್ಷನ್ 10 ಹಿಡಿದು, ಗುಟ್ಟಿನ ಭಾಗಕ್ಕೆ ಮಸಿ ಬಳಿದು ಉಳಿದದ್ದು ಕೊಡಿ ಎಂದು ಮೇಲ್ಮನವಿಯಲ್ಲಿ ಬರೆಯಿರಿ.

ಕನ್ನಡದಲ್ಲಿ ಬರೆಯಬಹುದೇ? ಕುಂದುಕೊರತೆಯ ಮನವಿಗೆ ಸಂವಿಧಾನದ 350ನೇ ವಿಧಿ ಇದೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸೆಕ್ರೆಟರಿಯೇಟ್, ಇಲಾಖಾ ಮುಖ್ಯಸ್ಥರು, ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಆದರೆ ಕೋಟ್ಟಯಂನಲ್ಲಿರುವ ಕಂಪೆನಿಯನ್ನು ‘ಸರಕಾರದ ಕಚೇರಿ’ ಎನ್ನಲಾಗದು, ಅಲ್ಲಿ ಕನ್ನಡ ಓದುವವರೂ ಸಿಗಲಿಕ್ಕಿಲ್ಲ. ಇಲಾಖೆಗೆ ಕನ್ನಡದಲ್ಲೇ ಬರೆಯಿರಿ, ಹಕ್ಕು ಬಳಸದಿದ್ದರೆ ತುಕ್ಕು ಹಿಡಿಯುತ್ತದೆ. ಕಂಪೆನಿಗೆ ಹೋಗುವ ಪ್ರತಿಗೆ ಮಲಯಾಳ ಅಥವಾ ಇಂಗ್ಲಿಷ್ ಅನುವಾದ ಜೋಡಿಸಿ. ಅನುವಾದಕ್ಕಾಗಿ ಅಲ್ಲಿ ಕಳೆಯುವ ವಾರಗಳು ನಿಮ್ಮದೇ.

ಲಂಚ, ಟೆಂಡರ್ ಅಕ್ರಮದ ದೂರು ಇದಕ್ಕೆ ಬೆರೆಸಬೇಡಿ. ಅದಕ್ಕೆ ಕೇಂದ್ರದ ಕಂಪೆನಿಯಾದರೆ ಅಲ್ಲಿನ ಮುಖ್ಯ ವಿಜಿಲೆನ್ಸ್ ಅಧಿಕಾರಿ ಅಥವಾ ಕೇಂದ್ರ ವಿಜಿಲೆನ್ಸ್ ಆಯೋಗ, ಕೇರಳದ್ದಾದರೆ ವಿಜಿಲೆನ್ಸ್ ಬ್ಯೂರೋ.

ಉತ್ತರಕ್ಕೆ 30 ದಿನ. ತಪ್ಪು ಕಚೇರಿಗೆ ಹೋಗಿದ್ದರೆ 5 ದಿನದೊಳಗೆ ಅವರೇ ಸರಿಯಾದಲ್ಲಿಗೆ ದಾಟಿಸಬೇಕು. ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅದೇ ಸಂಸ್ಥೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಆಯೋಗಕ್ಕೆ. ಕೇರಳದ ಕಂಪೆನಿಗೆ ತಿರುವನಂತಪುರದ ರಾಜ್ಯ ಮಾಹಿತಿ ಆಯೋಗ, ಎಚ್‌ಎಎಲ್‌ಗೆ ದಿಲ್ಲಿಯ ಕೇಂದ್ರ ಮಾಹಿತಿ ಆಯೋಗ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿ ತನಕ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಮೇಲ್ಮನವಿಯ ದಿನ ಎಣಿಸುವುದು ಉತ್ತರ ನಿಮ್ಮ ಕೈಸೇರಿದ ದಿನದಿಂದ, ಪತ್ರದ ಮೇಲೆ ಬರೆದ ತಾರೀಕಿನಿಂದಲ್ಲ. ಆದ್ದರಿಂದ ಅಂಚೆ ಮೊಹರು ಬಿದ್ದ ಲಕೋಟೆಯನ್ನೂ ಪತ್ರದ ಜೊತೆಗೇ ಪಿನ್ ಮಾಡಿಡಿ.